ಒಂದನೇ ನಂಬರಿನ ಬಸಂತರಾಯ

ಇಂಡಿ ತಾಲೂಕಿನಲ್ಲಿ ಅರಣ್ಯ ಇಲಾಖೆ ಇದೆ ಎಂದರೆ ಹೊರಗಿನವರು ಮೊದಲು ನಗುತ್ತಾರೆ, ಆಮೇಲೆ ಅರಣ್ಯ ಎಲ್ಲಿದೆ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷ ಸಹಿಸಿಕೊಂಡು ಬಂದ ಮನುಷ್ಯ ಬಸಂತರಾಯ. ಕಾಗದದಲ್ಲಿ ಅವನ ಹುದ್ದೆ ಗಸ್ತು ಅರಣ್ಯ ಪಾಲಕ. ಜನರ ಬಾಯಲ್ಲಿ ಗಾರ್ಡ್ ಸಾಹೇಬ್ರು. ಇಲಾಖೆಯ ನಕಾಶೆಯಲ್ಲಿ ಅವನ ಪಾಲಿನ ನಾಲ್ಕು ಹಳ್ಳಿಗಳ ನಡುವೆ ಅಂಗೈಯಷ್ಟು ಹಸಿರು ಬಣ್ಣ ಬಳಿದಿದ್ದಾರೆ. ಅದೇ ಜಾಗಕ್ಕೆ ಹೋಗಿ ನೋಡಿದರೆ ಕಲ್ಲು, ಬಳ್ಳಾರಿ ಜಾಲಿ ಮತ್ತು ಯಾರದೋ ಆಡು ಸಿಗುತ್ತವೆ. ಹಣೆಬರಹ ಚೆನ್ನಾಗಿದ್ದ ದಿನ ಎರಡು ನವಿಲು. ಉಳಿದ ಅರಣ್ಯವೆಲ್ಲ ಡಾಂಬರು ರಸ್ತೆಗಳ ಎರಡೂ ಬದಿಗೆ ಸಾಲು ಹಿಡಿದು ನಿಂತಿತ್ತು. ಬೇವು, ಹುಣಸೆ, ಅಲ್ಲೊಂದು ಇಲ್ಲೊಂದು ಆಲ.

ಸಿಂದಗಿಯಲ್ಲಿರುವ ಹೆಂಡತಿಯ ತವರಿಗೆ ಹೋದಾಗ ಈ ವಿಷಯ ಬಾರದೆ ಊಟ ಮುಗಿಯುತ್ತಿರಲಿಲ್ಲ. ಹೆಂಡತಿ ದಾನೇಶ್ವರಿಯ ತಮ್ಮ ಚೇತನಕುಮಾರ ಅಲ್ಲಿ ಹೈಸ್ಕೂಲು ಮಾಸ್ತರ.

"ಮಾಮಾ, ನಿಮ್ಮ ಕಾಡಿನ್ಯಾಗ ನೀವೊಬ್ರ ಇರ್ತೀರೋ, ಮತ್ತೊಂದು ಪ್ರಾಣಿ ಐತೋ?" ಎಂದು ಅವನು ಪ್ರತಿ ಸಲ ಅಷ್ಟೇ ಉತ್ಸಾಹದಿಂದ ಕೇಳುತ್ತಿದ್ದ. ಅತ್ತೆ ಬಾಳಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಕಾಡು ಇಲ್ಲದ ಕೊರತೆಯನ್ನು ಬಸಂತರಾಯ ಗತ್ತಿನಿಂದ ತುಂಬಿಕೊಂಡಿದ್ದ. ಖಾಕಿಗೆ ಗಂಜಿ ಹಾಕಿದ ಇಸ್ತ್ರಿ, ಕನ್ನಡಿಯಂಥ ಬೆಲ್ಟು, ತುದಿ ತಿರುವಿದ ಮೀಸೆ. ನಲವತ್ತೆಂಟನೆಯ ವಯಸ್ಸಿಗೆ ಹತ್ತಿರದ ಅಕ್ಷರ ಮಸುಕಾದಾಗ ಡಾಕ್ಟರು ಚಾಳೀಸು ಬರೆದುಕೊಟ್ಟರು. ಅದು ಡಬ್ಬಿಯೊಳಗೆ, ಡಬ್ಬಿ ಕಪಾಟಿನೊಳಗೆ ಉಳಿಯಿತು.

"ಚಾಳೀಸ ಹಾಕ್ಕೊಂಡ ಗಾರ್ಡನ್ನ ನೋಡಿದ್ರ ಕಟಗಿ ಕಳ್ಳ ಓಡೂದಿಲ್ಲ. ಸಾಲಿ ಮಾಸ್ತರ ಅಂತ ನಮಸ್ಕಾರ ಮಾಡ್ತಾನ," ಎಂದು ಅವನು ಹೆಂಡತಿಗೆ ಕಾರಣ ಕೊಟ್ಟ. ಮಾಸ್ತರರ ಅಕ್ಕನಾದ ಆಕೆಗೆ ಈ ಕಾರಣ ಹಿಡಿಸಲಿಲ್ಲ. ಆದರೆ ಚಾಳೀಸನ್ನು ಬಲವಂತವಾಗಿ ಮೂಗಿನ ಮೇಲೆ ಕೂರಿಸಲು ಬರುವುದಿಲ್ಲವಲ್ಲ.

ಮಾರ್ಚ್ ತಿಂಗಳಲ್ಲಿ ಸುಮೇಧಾ ಎಂಬ ಹುಡುಗಿ ಬಂದಳು. ಬಸವನ ಬಾಗೇವಾಡಿಯ ಕಡೆಯವಳು, ಯಾವುದೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅರಣ್ಯ ಸಂರಕ್ಷಣೆಯ ಬಗ್ಗೆ ಅರಣ್ಯ ಸಿಬ್ಬಂದಿಗೆ ಎಷ್ಟು ಗೊತ್ತಿದೆ, ಮತ್ತು ಆ ಬಗ್ಗೆ ಅವರ ಮನೋಭಾವ ಏನು ಎಂದು ಅಳೆಯುವುದು ಅವಳ ಕೆಲಸ. ಅಳತೆಗೆ ಎಂಟು ಪುಟಗಳ ಪ್ರಶ್ನಾವಳಿ ತಂದಿದ್ದಳು.

ಸುದ್ದಿ ಬಂದ ದಿನ ವಲಯ ಅರಣ್ಯಾಧಿಕಾರಿ ಸಿದ್ದಲಿಂಗ ಸಾಹೇಬರು ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮೇಲಿನವರ ಹೆಸರು ಕೇಳಿದರೆ ನೀರು ಕುಡಿಯುವ ಸ್ವಭಾವದ ಒಳ್ಳೆಯ ಮನುಷ್ಯ.

"ಇದು ಪರೀಕ್ಷಾ ಅಲ್ಲ ಅಂತ ಮೇಡಮ್ಮಾರು ಹೇಳ್ಯಾರ," ಎಂದರು. "ಪರೀಕ್ಷಾ ಅಲ್ಲ ಅಂತ ಯಾವಾಗ ಹೇಳ್ತಾರಲಾ, ಅವಾಗ ಛಲೋ ಓದ್ಕೊಂಡ ಬರಬೇಕು."

ಬಸಂತರಾಯ ಓದಿಕೊಳ್ಳಲು ಹೋದದ್ದು ಪುಸ್ತಕಕ್ಕಲ್ಲ, ಇಲಾಖೆಯ ಸಸಿಮಡಿಗೆ. ಅಲ್ಲಿ ರಮಜಾನಬಿ ಮೂವತ್ತು ವರ್ಷದಿಂದ ದಿನಗೂಲಿಯ ಮೇಲೆ ಸಸಿ ಬೆಳೆಸುತ್ತಿದ್ದಳು. ತಾಲೂಕಿನಲ್ಲಿ ನೆರಳು ಕೊಡುವ ಮರಗಳಲ್ಲಿ ಅರ್ಧಕ್ಕರ್ಧ ಅವಳ ಕೈಯ ಚೀಲದಲ್ಲಿ ಮೊಳೆತವು. ಅವಳನ್ನು ಕೇಳಿ ಕಲಿಯುವುದು ಹುದ್ದೆಗೆ ಕಡಿಮೆ. ಅದಕ್ಕೆ ಅವನು ತಪಾಸಣೆಯ ದಾರಿ ಹಿಡಿದ.

"ರಮಜಾನಬಿ, ಬೇವಿನ ಬೀಜ ಯಾವಾಗ ಹಾಕಬೇಕು ಅಂತ ನಿನಗ ಗೊತ್ತೈತೋ ಇಲ್ಲೋ ನೋಡೂಣು. ಹೇಳು."

"ಹಣ್ಣ ಬಿದ್ದ ಎಂಟ ಹತ್ತ ದಿನದಾಗ ಹಾಕಬೇಕ್ರಿ. ಇಟ್ಟರ ಜೀವಾ ಹೋಗ್ತೈತಿ."

"ಬರೋಬ್ಬರಿ ಐತಿ," ಎಂದು ಬಸಂತರಾಯ ಆ ಕಡೆ ತಿರುಗಿ ಅಂಗೈ ಮೇಲೆ ದಪ್ಪಗೆ ಬರೆದುಕೊಂಡ.

ಮೊದಲ ದಿನ ಬೀಜ, ಎರಡನೆಯ ದಿನ ಮಣ್ಣು ಮತ್ತು ಗೊಬ್ಬರ, ಮೂರನೆಯ ದಿನ ಚಿಗರಿ, ತೋಳ, ನರಿ. ನಾಲ್ಕನೆಯ ದಿನ ಅವನು ಸಸಿಮಡಿಯ ಬಾಗಿಲಲ್ಲಿ ಕಾಣುತ್ತಲೇ ರಮಜಾನಬಿ ಕೈಯ ನೀರಿನ ಝಾರಿ ಕೆಳಗಿಟ್ಟಳು.

"ಸಾಹೇಬ್ರ, ಪರೀಕ್ಷಾ ನಂದೋ ನಿಮ್ದೋ?"

ಪ್ರಶ್ನಾವಳಿಯ ದಿನ ಜ್ಞಾನದ ಭಾಗವನ್ನು ಬಸಂತರಾಯ ಮುಕ್ಕಾಲು ತಾಸಿನಲ್ಲಿ ಮುಗಿಸಿದ. ಮನೋಭಾವದ ಭಾಗ ಬಂತು. ಇಪ್ಪತ್ತೈದು ವಾಕ್ಯಗಳು, ಪ್ರತಿ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಐದು ಚೌಕ. ವಾಕ್ಯಗಳು ದೊಡ್ಡ ಅಕ್ಷರದಲ್ಲಿದ್ದವು. ಮೇಲ್ಗಡೆ ಒಂದು ಸಾಲು ಮಾತ್ರ ಬಹಳ ಸಣ್ಣದು: ಒಂದು ಎಂದರೆ ಸ್ವಲ್ಪವೂ ಒಪ್ಪುವುದಿಲ್ಲ, ಐದು ಎಂದರೆ ಪೂರ್ತಿ ಒಪ್ಪುತ್ತೇನೆ. ಬಸಂತರಾಯನ ಕಣ್ಣಿಗೆ ಅದು ಅಡ್ಡ ಎಳೆದ ಗೆರೆಯಂತೆ ಕಂಡಿತು. ಗೆರೆಯನ್ನು ಓದುವವರು ಯಾರು?

ಅವನು ತನ್ನ ಬುದ್ಧಿ ಓಡಿಸಿದ. ಸಾಲೆಯಲ್ಲಿ ಒಂದನೇ ನಂಬರು, ಕುಸ್ತಿಯಲ್ಲಿ ಒಂದನೇ ನಂಬರು, ಜೋಳದಲ್ಲಿಯೂ ಒಂದನೇ ನಂಬರು. ಜಗತ್ತಿನಲ್ಲಿ ಒಳ್ಳೆಯದೆಲ್ಲ ಒಂದು. 'ಹಳೆಯ ಮರಗಳನ್ನು ಕಾಪಾಡುವುದು ನನ್ನ ಮೊದಲ ಕರ್ತವ್ಯ' ಎಂಬ ವಾಕ್ಯಕ್ಕೆ ಎದೆ ಉಬ್ಬಿಸಿ ಒಂದು ಹಾಕಿದ. 'ವನ್ಯಜೀವಿಗಳಿಗೂ ಬದುಕುವ ಹಕ್ಕಿದೆ', ಒಂದು. ನಡುವೆ ಸಿಕ್ಕಿಸಲೆಂದೇ ಬರೆದ ವಾಕ್ಯಗಳೂ ಇದ್ದವು. 'ರಸ್ತೆ ಬದಿಯ ಮರಗಳಿಂದ ಜನರಿಗೆ ಲಾಭವಿಲ್ಲ' ಎಂಬುದನ್ನು ಓದಿ, ಬಲೆ ಕಂಡ ಹಕ್ಕಿಯಂತೆ ನಕ್ಕು, ತೀರ ಕೊನೆಯ ಐದನೇ ಚೌಕಕ್ಕೆ ಅದನ್ನು ನೂಕಿದ. ಗಡಿಬಿಡಿಯಲ್ಲಿ ತಪ್ಪು ಮಾಡುವವನಾದರೆ ಒಂದೆರಡು ವಾಕ್ಯವಾದರೂ ಅಪ್ಪಿತಪ್ಪಿ ಸರಿಯಾಗುತ್ತಿದ್ದವು. ಬಸಂತರಾಯ ಶಿಸ್ತಿನ ಮನುಷ್ಯ. ಇಪ್ಪತ್ತೈದಕ್ಕೆ ಇಪ್ಪತ್ತೈದೂ ತಲೆಕೆಳಗಾದವು.

ತಿಂಗಳು ಕಳೆದ ಮೇಲೆ ವಿಜಯಪುರದಲ್ಲಿ ಅಧಿಕಾರಿಗಳ ಸಭೆ ಸೇರಿತು. ಸುಮೇಧಾ ತನ್ನ ಮೊದಲ ಫಲಿತಾಂಶ ಓದಿದಳು. ಸಂಶೋಧನೆಯಲ್ಲಿ ಯಾರ ಹೆಸರನ್ನೂ ಹೇಳಬಾರದು ಎಂಬ ನಿಯಮವಿದೆ, ಅವಳು ಹೇಳಲಿಲ್ಲ.

"ಒಬ್ಬ ಸಿಬ್ಬಂದಿ ಇದ್ದಾರ," ಎಂದಳು. "ಇಪ್ಪತ್ತೆರಡು ವರ್ಷದ ಸರ್ವೀಸು, ನಾಲ್ಕು ಹಳ್ಳಿ ಬೀಟು. ಜ್ಞಾನದಾಗ ನಲವತ್ತಕ್ಕ ಮೂವತ್ತೆಂಟು. ಮನೋಭಾವದಾಗ ನೂರಾ ಇಪ್ಪತ್ತೈದಕ್ಕ ಇಪ್ಪತ್ತೈದು. ಅದಕ್ಕಿಂತ ಕಡಿಮಿ ಕೊಡ್ಲಿಕ್ಕೆ ಬರೂದಿಲ್ಲ."

"ತಪ್ಪಿ ಹಾಕಿರಬೇಕು," ಎಂದರು ದೊಡ್ಡ ಸಾಹೇಬರು.

"ಇಲ್ಲರಿ. ತಪ್ಪಿ ಹಾಕಿದವರು ಉಲ್ಟಾ ವಾಕ್ಯದಾಗ ಸಿಗಬೀಳ್ತಾರ. ಇವರು ಒಂದರಾಗೂ ಸಿಗಬಿದ್ದಿಲ್ಲ. ಗಿಡದ ಬಗ್ಗೆ ಎಲ್ಲಾ ಗೊತ್ತಿದ್ದು, ಗಿಡ ಕಂಡರ ಇಷ್ಟು ಸಿಟ್ಟು ಇರೋ ಮನುಷ್ಯಾ ನಮ್ಮ ವಿಷಯದೊಳಗ ಇದ ಮೊದಲ ಸಲ ಸಿಕ್ಕಾನ. ಇವರ ಮ್ಯಾಲೇ ಒಂದು ಅಧ್ಯಾಯ ಬರೀಲಿಕ್ಕೆ ಹತ್ತೀನಿ."

ದೊಡ್ಡ ಸಾಹೇಬರು ಸಭೆಯನ್ನು ಒಂದು ಸುತ್ತು ನೋಡಿದರು. ಸಿದ್ದಲಿಂಗ ಸಾಹೇಬರು ಮುಂದಿನ ಗ್ಲಾಸಿನ ನೀರು ಕುಡಿದರು, ಪಕ್ಕದವರ ಗ್ಲಾಸಿನದನ್ನೂ ಕುಡಿದರು.

ಮರುದಿನ ಬಸಂತರಾಯನಿಗೆ ಕರೆ ಬಂತು. ಸಾಹೇಬರ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಕುರ್ಚಿ ಸಿಕ್ಕಿತು. ಚಹವೂ ಬಂತು, ಕಪ್ಪು ಬಸಿಯ ಸಮೇತ.

"ಬಸಂತರಾಯ, ನಿಮ್ಮ ರಿಸಲ್ಟ್ ಬಂದೈತಿ," ಎಂದರು ಸಾಹೇಬರು ದನಿ ಇಳಿಸಿ. "ಇಡೀ ಜಿಲ್ಲಾದಾಗ ನಿಮ್ಮಂಗ ಯಾರದೂ ಬಂದಿಲ್ಲ."

ಬಸಂತರಾಯ ಟೋಪಿ ನೆಟ್ಟಗೆ ಮಾಡಿಕೊಂಡ. "ಕಷ್ಟಪಟ್ಟೇನ್ರಿ ಸರ್."

"ದೊಡ್ಡ ಸಾಹೇಬ್ರು ಮೂರ ಸಲ ಕೇಳಿದ್ರು, ಯಾರಿಂವಾ ಅಂತ."

"ಹೆಸರು ಹೇಳಿದ್ರ್ಯಾ ಸರ್?"

"ನಾ ಹೆಂಗ ಹೇಳ್ಲಿ? ಹೇಳಿದ್ರ ನನ್ನ ಗತಿ ಏನು?"

ಕೈಕೆಳಗಿನವನು ಮೇಲೆ ಬಂದರೆ ಅಧಿಕಾರಿಗೆ ಹೊಟ್ಟೆ ಉರಿಯುವುದು ಸಹಜ. ಬಸಂತರಾಯ ಮನಸ್ಸಿನಲ್ಲೇ ಸಾಹೇಬರನ್ನು ಕ್ಷಮಿಸಿದ.

"ಇಷ್ಟ ವರ್ಷ ಇದನ್ನ ಮನಸ್ಸಿನ್ಯಾಗ ಹೆಂಗ ಇಟ್ಕೊಂಡಿದ್ರಿ?" ಸಾಹೇಬರ ಕಣ್ಣಲ್ಲಿ ನಿಜವಾದ ನೋವಿತ್ತು. "ನಮಗ ಒಂದ ದಿನಾನೂ ತೋರಗೊಡ್ಲಿಲ್ಲ."

"ಬಾಯಿಲೆ ಹೇಳೂದೇನೈತ್ರಿ ಸರ್. ಮಾಡಿ ತೋರಸ್ಬೇಕು."

ಸಿದ್ದಲಿಂಗ ಸಾಹೇಬರು ಕಪ್ಪು ಕೆಳಗಿಟ್ಟರು. "ಮಾಡಿ ತೋರಸಬ್ಯಾಡ್ರಿ. ಕೈ ಮುಗೀತೇನಿ. ಒಂದು ವಾರ ರಜಾ ತಗೊಂಡು ಮನ್ಯಾಗ ಆರಾಮ ಇರ್ರಿ. ಗಿಡದ ಕಡೆ ಹೋಗಬ್ಯಾಡ್ರಿ."

ಕೇಳದೆ ರಜೆ ಸಿಕ್ಕ ಬಸಂತರಾಯ ಅದನ್ನು ಬಹುಮಾನವೆಂದು ಸ್ವೀಕರಿಸಿದ. ದಾರಿಯಲ್ಲಿ ಒಂದು ಕಿಲೋ ಪೇಢೆ ತೆಗೆದುಕೊಂಡ.

ಗಂಡ ಜಿಲ್ಲೆಗೇ ಮೊದಲಿಗ ಎಂಬ ಸುದ್ದಿ ದಾನೇಶ್ವರಿಯ ಬಾಯಿಂದ ಓಣಿಗೆ, ಓಣಿಯಿಂದ ಸಂತೆಗೆ, ಫೋನಿನಿಂದ ಸಿಂದಗಿಗೆ ತಲುಪಿತು. ಭಾನುವಾರ ಬಾಳಮ್ಮ ಮತ್ತು ಚೇತನಕುಮಾರ ಶಾಲು, ಹಾರ, ತೆಂಗಿನಕಾಯಿ ಹಿಡಿದು ಬಂದರು. ಹೋಳಿಗೆ ಆಗಿತ್ತು. ಚೇತನಕುಮಾರ ಭಾವನಿಗೆ ಶಾಲು ಹೊದಿಸಿ, ಮಾಸ್ತರರ ಧಾಟಿಯಲ್ಲಿ ನಾಲ್ಕು ಮಾತಾಡಿ, ಇಷ್ಟು ವರ್ಷ ಚೇಷ್ಟೆ ಮಾಡಿದ್ದಕ್ಕೆ ತಪ್ಪಾಯಿತು ಎಂದ. ಬಸಂತರಾಯ ಏಪ್ರಿಲ್ ಬಿಸಿಲಲ್ಲಿ ಉಣ್ಣೆಯ ಶಾಲು ಹೊದ್ದು ಬೆವರುತ್ತ ಸುಖಪಟ್ಟ.

ಊಟಕ್ಕೆ ಕೂತಾಗ ಚೇತನಕುಮಾರ ಬಸ್ಸಿನಲ್ಲಿ ಕೊಂಡ ಪತ್ರಿಕೆ ಬಿಚ್ಚಿದ. ಬಾಳಮ್ಮನಿಗೆ ಸುದ್ದಿ ಓದಿ ಹೇಳುವುದು ಅವನ ರೂಢಿ.

"ಇಲ್ಲಿ ಕೇಳವ್ವಾ. 'ಗಿಡ ಕಂಡರಾಗದ ಅರಣ್ಯ ಸಿಬ್ಬಂದಿ. ಸಮೀಕ್ಷೆಯಿಂದ ಬಯಲು.' ನಮ್ಮ ಜಿಲ್ಲಾದವ್ನ ಅಂತ. ಹಳೇ ಗಿಡ ಉಳಸಬಾರ್ದು, ಪ್ರಾಣಿ ಬದುಕಬಾರ್ದು ಅಂತ ಬರದ ಕೊಟ್ಟಾನಂತ."

"ಅಯ್ಯ ಶಿವನ," ಎಂದಳು ಬಾಳಮ್ಮ. "ಅನ್ನಾ ಕೊಡೂ ಕೆಲಸಕ್ಕ ಹಿಂಗ ಬರಿಯೂದೇನು? ಅಂವ್ನ ಹೆಂಡತಿ ಹೆಂಗ ಬಾಳೇ ಮಾಡ್ತಾಳೋ ಪಾಪ."

"ಅಕಿ ಪಡಕೊಂಡ ಬಂದದ್ದು," ಎಂದಳು ದಾನೇಶ್ವರಿ, ಗಂಡನ ತಟ್ಟೆಗೆ ತುಪ್ಪ ಸುರಿಯುತ್ತ. "ನನ್ನ ಪುಣ್ಯಾ ದೊಡ್ಡದು."

"ಅಂಥಾವ್ನ ನೌಕರಿಯಿಂದ ತಗೀಬೇಕು," ಎಂದ ಬಸಂತರಾಯ ಗಂಭೀರವಾಗಿ. "ಇಲಾಖೆಗೆ ಕಳಂಕ. ನನ್ನ ಕೈಗೆ ಸಿಗಲಿ, ತೋರಸ್ತೇನಿ."

ಚೇತನಕುಮಾರ ಮುಂದಿನ ಸಾಲು ಓದಿ ನಿಲ್ಲಿಸಿದ. ಇನ್ನೊಮ್ಮೆ ಮನಸ್ಸಿನಲ್ಲೇ ಓದಿದ. "ಮಾಮಾ, ನಿಮ್ಮ ಸರ್ವೀಸ್ ಎಷ್ಟ ಆತು?"

"ಇಪ್ಪತ್ತೆರಡು."

"ಹಳ್ಳಿ?"

"ನಾಕು. ಯಾಕ?"

ಚೇತನಕುಮಾರ ಪತ್ರಿಕೆ ಮಡಚಿದ. ಬಾಳಮ್ಮ ಮಗನ ಮುಖ ನೋಡಿದಳು, ಅಳಿಯನ ಶಾಲು ನೋಡಿದಳು. ಮನೆತನ ನಡೆಸಿದ ಹೆಂಗಸು. "ಜಿಲ್ಲಾದಾಗ ಹಂಗಿದ್ದವ್ರು ಬಾಳ ಮಂದಿ ಇರಬೇಕು," ಎಂದು ಮಗನ ತಟ್ಟೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದಳು. ಬಾಯಿ ತುಂಬಿದವನು ಮತ್ತೇನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ರಾವಸಾಬ ಬಂದ. ಊರ ಹೊರಗೆ ಅವನದೊಂದು ಕಟ್ಟಿಗೆ ಅಡ್ಡೆ ಇದೆ. ಲಚ್ಯಾಣದ ರಸ್ತೆಗೆ ಒಂದೆಡೆ ಸಾಲಾಗಿ ನಿಂತ ಹನ್ನೊಂದು ಹಳೆಯ ಹುಣಸೆ ಮರಗಳು ಬೀಳುವ ಹಾಗಿವೆ, ಕಡಿಯಲು ಪರವಾನಗಿ ಕೊಡಿ ಎಂದು ಅವನು ಅರ್ಜಿ ಹಾಕಿ ಆರು ತಿಂಗಳಾಗಿತ್ತು. ಸ್ಥಳ ನೋಡಿ ವರದಿ ಬರೆಯಬೇಕಾದವನು ಬಸಂತರಾಯ. ಅವನು ವರದಿ ಬರೆಯಲೆಂದು ಆರೇಳು ಸಲ ಹೋಗಿದ್ದ. ಹೋದಾಗಲೆಲ್ಲ ಆ ನೆರಳಲ್ಲಿ ತಂಪು ಗಾಳಿಗೆ ಕಣ್ಣು ಮುಚ್ಚಿ, ಎಚ್ಚರಾಗುವಷ್ಟರಲ್ಲಿ ಕಚೇರಿ ಬಿಡುವ ಹೊತ್ತಾಗಿರುತ್ತಿತ್ತು.

ರಾವಸಾಬನ ಕೈಯಲ್ಲೂ ಪೇಢೆಯ ಡಬ್ಬಿಯಿತ್ತು.

"ಪೇಪರಿನ್ಯಾಗ ನೋಡಿದ್ನಿ. ಹೆಸರ ಹಾಕಿಲ್ಲ, ಆದ್ರ ನೀವ ಅಂತ ಊರಿಗೆಲ್ಲಾ ಗೊತ್ತೈತಿ," ಎಂದ.

ತನ್ನ ಸುದ್ದಿ ಬೇರೆ ಪತ್ರಿಕೆಯಲ್ಲಿ ಬಂದಿರಬೇಕು ಎಂದುಕೊಂಡ ಬಸಂತರಾಯ. "ದೊಡ್ಡದೇನಲ್ಲ ಬಿಡ್ರಿ."

"ದೊಡ್ಡದೇನಲ್ಲ ಅಂದ್ರ? ಇಲಾಖೆದಾಗ ಇದ್ದು ಮನಸ್ಸಿನ ಮಾತು ಬರದ ಕೊಡಾಕ ಗುಂಡಿಗಿ ಬೇಕು. ನಾ ನಿಮ್ಮನ್ನ ತಪ್ಪ ತಿಳದಿದ್ನಿ."

"ಬಾಳ ಮಂದಿ ತಪ್ಪ ತಿಳದಿದ್ರು."

"ಹಂಗಾರ ಆ ಹನ್ನೊಂದು ಹುಣಸಿ ಗಿಡದ್ದು?"

"ಅದರ ಚಿಂತಿ ಬಿಡ್ರಿ. ನನ್ನ ವಿಚಾರ ಏನೈತಿ ಅಂತ ಈಗ ಜಿಲ್ಲಾಕ್ಕ ಗೊತ್ತಾಗೈತಿ."

"ಗೊತ್ತಾತು ಅಂತನ ಬಂದ್ನಿ."

"ನಾ ಇರೂತನಕ ಆ ಗಿಡಕ್ಕ ಏನ ಆಗಬೇಕೋ ಅದ ಆಗ್ತೈತಿ."

ರಾವಸಾಬ ಕಣ್ಣಿಗೆ ನೀರು ತಂದುಕೊಂಡು ಕೈ ಹಿಡಿದ. ಬಸಂತರಾಯನೂ ಹಿಡಿದ. ಇಬ್ಬರು ಮನುಷ್ಯರು ಇಷ್ಟು ಸಂಪೂರ್ಣವಾಗಿ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡದ್ದು ಆ ಓಣಿಯಲ್ಲಿ ಹಿಂದೆ ನಡೆದಿರಲಿಲ್ಲ.

ಎರಡು ದಿನದ ಮೇಲೆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡು ಅಡ್ಡಾದಾಗ ಬಸಂತರಾಯನ ಫೋನು ರಿಂಗಾಯಿತು. ರಮಜಾನಬಿ.

"ಸಾಹೇಬ್ರ, ಲಚ್ಯಾಣ ರಸ್ತೆದಾಗ ಹುಣಸಿ ಗಿಡಕ್ಕ ಮಶೀನ್ ಗರಗಸ ತಂದಾರ್ರಿ. ನೀವ ಹೂಂ ಅಂದೀರಂತ. ಖರೇನ್ರಿ?"

"ನಾ ಯಾವಾಗ ಹೂಂ ಅಂದ್ನಿ?"

"ಊರ ತುಂಬ ಅದ ಮಾತ ಐತ್ರಿ, ಗಾರ್ಡ್ ಸಾಹೇಬ್ರಿಗೆ ಗಿಡ ಕಂಡ್ರ ಆಗೂದಿಲ್ಲ ಅಂತ. ನಾ ನಂಬಿಲ್ಲ. ಆದ್ರ ಮಶೀನ್ ಗಿಡದ ಬುಡಕ್ಕ ಬಂದೈತಿ. ಲಗೂನ ಬರ್ರಿ."

ಬಸಂತರಾಯ ಬೈಕು ಹತ್ತಿದ. ನಲವತ್ತೆರಡು ಡಿಗ್ರಿ ಬಿಸಿಲು. ರಸ್ತೆಯ ಡಾಂಬರು ಟೈರಿಗೆ ಅಂಟುತ್ತಿತ್ತು. ಮೊದಲ ಹುಣಸೆ ಮರದ ಬುಡದಲ್ಲಿ ನಾಲ್ಕು ಜನ ಆಳು, ಒಂದು ಟ್ರ್ಯಾಕ್ಟರು, ಛತ್ರಿ ಹಿಡಿದ ರಾವಸಾಬ. ಆ ಮರದ ಕೆಳಗೇ ಬಸ್ಸು ನಿಲ್ಲುವುದರಿಂದ ಹತ್ತಿಪ್ಪತ್ತು ಜನರೂ ಇದ್ದರು.

"ನಿಲ್ಲಸ್ರಿ," ಎಂದ ಬಸಂತರಾಯ.

ರಾವಸಾಬ ಹತ್ತಿರ ಬಂದು ದನಿ ತಗ್ಗಿಸಿದ. "ಗೊತ್ತಾತ್ರಿ. ಮಂದಿ ನೋಡಾಕತ್ತಾರ, ಒಂದ ಸಲ ಬ್ಯಾಡ ಅನ್ರಿ. ಆಮ್ಯಾಲ ನಾವು ಶುರು ಮಾಡ್ತೇವಿ."

"ಒಂದ ಸಲ ಅಲ್ಲ, ನೂರ ಸಲ ಬ್ಯಾಡ ಅಂತೇನಿ."

"ನೂರ ಸಲ ಅಂದ್ರ ಬಾಳ ಹೊತ್ತ ಆಗ್ತೈತಲ್ರಿ."

ಆಳೊಬ್ಬ ಹಗ್ಗ ಎಳೆದ, ಗರಗಸ ಗುರ್ರೆಂದಿತು. ಬಸಂತರಾಯನ ಮೊಣಕಾಲು ಎರಡೂ ಒಟ್ಟಿಗೆ ಸಡಿಲವಾದವು. ಹೆದರಿಕೆಯೋ, ಬಿಸಿಲೋ, ಮೇಲಿನ ಎರಡು ರೊಟ್ಟಿಯೋ, ಅವನಿಗೂ ತಿಳಿಯಲಿಲ್ಲ. ಬೀಳಬಾರದೆಂದು ಮರಕ್ಕೆ ಬೆನ್ನು ಕೊಟ್ಟು ಜಾರಿ ಕೂತುಬಿಟ್ಟ. ಗರಗಸ ಇಡಬೇಕಾದ ಜಾಗಕ್ಕೆ ಸರಿಯಾಗಿ ಅವನ ತಲೆ ಬಂತು. ಆಳು ಗರಗಸ ಆರಿಸಿದ.

"ಸಾಹೇಬ್ರು ಧರಣಿ ಕುಂತ್ರು," ಎಂದಿತು ಗುಂಪಿನಿಂದ ಒಂದು ದನಿ.

"ಉಪವಾಸನೂ ಐತೇನು?" ಎಂದಳು ಮುದುಕಿಯೊಬ್ಬಳು.

ಆ ಹೊತ್ತಿಗೆ ಬಂದ ಬಸ್ಸಿನ ಡ್ರೈವರು ಏನು ನಡೆದಿದೆ ನೋಡಲು ಎಂಜಿನ್ ಆರಿಸಿದ. ಬಸ್ಸಿನೊಳಗೆ ಬೇಯುತ್ತಿದ್ದವರೆಲ್ಲ ಇಳಿದು ನೆರಳಲ್ಲಿ ಕೂತರು. ಕೂತವರನ್ನು ನೋಡಿ ಹೊಲದಲ್ಲಿದ್ದವರು ಬಂದರು. ರಮಜಾನಬಿ ಸಸಿಮಡಿಯಿಂದ ನೀರಿನ ಕೊಡ ಹೊತ್ತು ತಂದು ಬಸಂತರಾಯನ ಪಕ್ಕದಲ್ಲೇ ಕೂತಳು. ಅರ್ಧ ತಾಸಿನಲ್ಲಿ ಹನ್ನೊಂದು ಮರಗಳ ಕೆಳಗೂ ಜನ. ಬಹುಪಾಲು ಮಂದಿಗೆ ಏನು ವಿಷಯವೆಂದು ಗೊತ್ತಿರಲಿಲ್ಲ. ನೆರಳು ಒಳ್ಳೆಯದಿತ್ತು, ಅಷ್ಟೆ.

ಬಿಸಿಲಿಗೆ ರಾವಸಾಬನ ಛತ್ರಿ ಸಾಲಲಿಲ್ಲ. ಅವನೂ ನೆರಳಿನೊಳಗೆ ಬಂದು, ಬೆವರು ಒರೆಸಿಕೊಂಡು, ಈ ಗಿಡಗಳಿಂದ ಯಾರಿಗೂ ಉಪಯೋಗವಿಲ್ಲ ಎಂದು ಶುರುಮಾಡಿದ.

ರಮಜಾನಬಿ ಅವನ ಕಾಲಿನ ಕಡೆ ಕೈ ತೋರಿಸಿದಳು. "ಅಣ್ಣಾರ, ಕಡಿಯಾಕ ಬಂದವರು ಬಿಸಲಾಗ ನಿಂತ ಮಾತಾಡ್ರಿ. ಈ ನೆರಳ ಗಿಡದ್ದು."

ಜನ ನಕ್ಕರು. ರಾವಸಾಬ ಎರಡು ಹೆಜ್ಜೆ ಹಿಂದೆ ಬಿಸಿಲಿಗೆ ಸರಿದ, ಬೆಂದ, ಒಂದು ಹೆಜ್ಜೆ ಮತ್ತೆ ಮುಂದೆ ಬಂದ.

ಅದೇ ವೇಳೆಗೆ ಇಲಾಖೆಯ ಜೀಪು ಬಂತು. ಒಳಗೆ ಸಿದ್ದಲಿಂಗ ಸಾಹೇಬರು, ಪಕ್ಕದಲ್ಲಿ ಸುಮೇಧಾ. ತನ್ನ ಅಧ್ಯಾಯಕ್ಕಾಗಿ ಬಸಂತರಾಯನನ್ನು ಮುಖತಃ ಮಾತಾಡಿಸಲು ಅವಳು ಬಂದಿದ್ದಳು. ಹೆದರಿದ ಸಾಹೇಬರು ಜೊತೆಗೆ ಬಂದಿದ್ದರು. ಗರಗಸ, ಟ್ರ್ಯಾಕ್ಟರು, ಗುಂಪು, ನಡುವೆ ಬಸಂತರಾಯ. ಇವೆಲ್ಲ ಕಂಡೊಡನೆ ಸಾಹೇಬರ ಕೈ ನೀರಿನ ಬಾಟಲಿ ಹುಡುಕಿತು.

"ಮಾಡೇ ತೋರಿಸಿದ್ರು," ಎಂದರು ಸಣ್ಣ ದನಿಯಲ್ಲಿ.

"ಕಡ್ಸಾಕ ಅಲ್ಲರಿ ಸರ್, ಬಿಡಿಸಾಕ ಕುಂತಾರ," ಎಂದಳು ರಮಜಾನಬಿ.

ಸುಮೇಧಾ ಪುಸ್ತಕ ತೆರೆದು ನೆಲದ ಮೇಲೆಯೇ ಕೂತಳು. "ಕಾಕಾ, ನಿಮಗ ಗಿಡದ ಮ್ಯಾಲೆ ಇಷ್ಟು ಸಿಟ್ಟು ಯಾಕ ಅಂತ ಕೇಳ್ಲಿಕ್ಕೆ ಬಂದಿದ್ದೆ. ಈಗ ನೋಡಿದರ ಗಿಡಕ್ಕ ಒರಗಿ ಕೂತೀರಿ."

"ನನಗ್ಯಾಕ ಸಿಟ್ಟು?" ಎಂದ ಬಸಂತರಾಯ. "ಜಿಲ್ಲಾಕ್ಕ ಒಂದನೇ ನಂಬರ ಬಂದವ್ನು ನಾ."

ಅವಳು ಚೀಲದಿಂದ ಅವನ ಪ್ರಶ್ನಾವಳಿ ತೆಗೆದು ಮುಂದೆ ಹಿಡಿದಳು. "ಇದು ನಿಮ್ದ ಹೌದಲ್ಲರಿ? ಹಳೇ ಗಿಡ ಕಾಪಾಡೂದು ನನ್ನ ಕರ್ತವ್ಯ, ಇದಕ್ಕ ಒಂದು ಹಾಕೀರಿ."

"ಹೂಂ. ಫಸ್ಟ್ ಕ್ಲಾಸ್ ವಾಕ್ಯ ಅದು."

"ಒಂದು ಅಂದರ ಒಪ್ಪೂದಿಲ್ಲ ಅಂತ ಮ್ಯಾಲೆ ಬರದದಲ್ಲರಿ."

"ಎಲ್ಲಿ?"

"ಇಲ್ಲಿ."

ಬಸಂತರಾಯ ಕಾಗದವನ್ನು ಒಂದು ಮೊಳ ದೂರ ಹಿಡಿದ, ಒಂದೂವರೆ ಮೊಳ ಹಿಡಿದ. ಕೊನೆಗೆ ರಮಜಾನಬಿ ಅದನ್ನು ಇಸಿದುಕೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಳು. "ಈಗ ಕಾಣ್ತೈತೇನ್ರಿ?"

"ಈಗ ಗೆರಿ ಐತಿ ಅಂತ ಕಾಣ್ತೈತಿ," ಎಂದ ಬಸಂತರಾಯ. "ಅದರಾಗ ಅಕ್ಷರ ಅದಾವೇನು?"

ಸುಮೇಧಾ ಸಾಲನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಯುವ ಹೊತ್ತಿಗೆ ಬಸಂತರಾಯನ ಮುಖ ಹಣ್ಣು ಹುಣಸೆಯ ಬಣ್ಣಕ್ಕೆ ಬಂದಿತ್ತು. ಪೇಢೆ, ಶಾಲು, ಹೋಳಿಗೆ, ತಾನೇ ನೌಕರಿಯಿಂದ ತೆಗೆಯಬೇಕೆಂದ ಆ ಕಳಂಕದ ಮನುಷ್ಯ, ಎಲ್ಲ ಒಂದೊಂದಾಗಿ ಅವನ ತಲೆಯೊಳಗೆ ಬಂದು ಕೂತವು. ಸಿದ್ದಲಿಂಗ ಸಾಹೇಬರು ಮಾತ್ರ ನಗಲು ಶುರುಮಾಡಿ ನಿಲ್ಲಿಸಲಾಗದೆ ಜೀಪಿನ ಬಾನೆಟ್ಟು ಹಿಡಿದುಕೊಂಡರು. ಬಿಸಿ ಬಾನೆಟ್ಟು ಕೈ ಸುಟ್ಟ ಮೇಲೆ ನಿಲ್ಲಿಸಿದರು.

"ಹಂಗಾರ ನನ್ನ ಪೇಢೆ?" ಎಂದ ರಾವಸಾಬ.

"ಉಳದಾವು. ಕಳಿಸ್ತೇನಿ," ಎಂದ ಬಸಂತರಾಯ.

ಸಾಹೇಬರಿಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು. ಪರವಾನಗಿ ಇಲ್ಲದೆ ಗರಗಸ ತಂದದ್ದಕ್ಕೆ ರಾವಸಾಬನನ್ನು ಅಲ್ಲೇ ತರಾಟೆಗೆ ತೆಗೆದುಕೊಂಡು, ಗರಗಸವನ್ನು ಜೀಪಿಗೆ ಹಾಕಿಸಿದರು. ಆರು ತಿಂಗಳು ಬಾಕಿಯಿದ್ದ ಸ್ಥಳ ವರದಿಯನ್ನು ಬಸಂತರಾಯ ಹೇಳಿದ, ಸುಮೇಧಾ ಬರೆದುಕೊಂಡಳು: ಹನ್ನೊಂದೂ ಮರಗಳು ಗಟ್ಟಿಯಾಗಿವೆ, ಈ ದಿನ ಅವುಗಳ ಕೆಳಗೆ ಒಂದು ಬಸ್ಸಿನ ಜನ, ಅರ್ಜಿದಾರರ ಸಮೇತ, ಆಶ್ರಯ ಪಡೆದಿದ್ದಾರೆ.

ಸುಮೇಧಾಳಿಗೆ ನಲವತ್ತು ಪುಟದ ಅಧ್ಯಾಯ ಹೋದ ದುಃಖವಿತ್ತು. ಮರುದಿನ ಅವಳು ಬಸಂತರಾಯನನ್ನು ಎದುರು ಕೂರಿಸಿ ಎಲ್ಲ ಪ್ರಶ್ನೆಗಳನ್ನೂ ಬಾಯಲ್ಲೇ ಕೇಳಿದಳು. ಮನೋಭಾವ ನೂರಾ ಹದಿನೆಂಟಕ್ಕೆ ಏರಿತು. ಅಂಗೈ ಬರಹ ಅಳಿಸಿಹೋಗಿದ್ದರಿಂದ ಜ್ಞಾನ ಇಪ್ಪತ್ತೊಂದಕ್ಕೆ ಇಳಿಯಿತು. ಹಾಗಾದರೆ ಮೊದಲಿನ ಮೂವತ್ತೆಂಟು ಯಾರದು ಎಂದು ವಿಚಾರಿಸಿದಾಗ ಅವನು ನಾಚಿಕೆ ಬಿಟ್ಟು ಸಸಿಮಡಿಯ ಕಡೆ ಕೈ ತೋರಿಸಿದ. ದಿನಗೂಲಿಯವಳಾದ್ದರಿಂದ ರಮಜಾನಬಿಯ ಹೆಸರು ಸಿಬ್ಬಂದಿಯ ಯಾದಿಯಲ್ಲಿ ಇರಲಿಲ್ಲ. ಸುಮೇಧಾ ಅವಳ ಮುಂದೆ ಕೂತು ನಲವತ್ತೂ ಪ್ರಶ್ನೆ ಕೇಳಿದಳು. ಮೂವತ್ತೊಂಬತ್ತಕ್ಕೆ ಉತ್ತರ ಬಂತು.

"ಇನ್ನೊಂದು ಪ್ರಶ್ನೀನ ತಪ್ಪೈತಿ ಬೇಟಾ," ಎಂದಳು ರಮಜಾನಬಿ. "ಆಲದ ಬೀಜ ನಾವು ಚೀಲಕ್ಕ ಹಾಕೂದಿಲ್ಲ, ಕೊಂಬಿ ನಡ್ತೇವಿ. ಅದನ್ನ ಕೇಳಿದವರು ಹಚ್ಚಿ ನೋಡಿಲ್ಲ."

ಹೊಸ ಅಧ್ಯಾಯ ಅವಳ ಮೇಲೆ ಶುರುವಾಯಿತು.

ತಿದ್ದಿದ ವರದಿ ಮೇಲಕ್ಕೆ ಹೋಯಿತು. ಆದರೆ ಸರಕಾರದಲ್ಲಿ ತಪ್ಪು ಬೈಕಿನ ಮೇಲೆ ಹೋಗುತ್ತದೆ, ತಿದ್ದುಪಡಿ ಎತ್ತಿನ ಗಾಡಿಯಲ್ಲಿ. ಜೂನ್ ತಿಂಗಳಲ್ಲಿ ಆದೇಶ ಬಂತು: ಅರಣ್ಯ ವಿರೋಧಿ ಮನೋಭಾವ ಕಂಡುಬಂದಿರುವ ಸಿಬ್ಬಂದಿಯನ್ನು ಹತ್ತು ದಿನ ದಾಂಡೇಲಿ ಕಡೆಯ ಕಾಡಿನಲ್ಲಿ ತರಬೇತಿಗೆ ಕಳಿಸತಕ್ಕದ್ದು. ಊಟ, ವಸತಿ, ಪ್ರಯಾಣ ಇಲಾಖೆಯದು. ಮನೋಭಾವ ಚೆನ್ನಾಗಿದ್ದ ಉಳಿದ ಸಿಬ್ಬಂದಿ ಇಂಡಿಯ ಬಿಸಿಲಲ್ಲೇ ಉಳಿದು ಬಸಂತರಾಯನನ್ನು ಬಸ್ಸು ಹತ್ತಿಸಿದರು. ಸಿದ್ದಲಿಂಗ ಸಾಹೇಬರೂ ಬಂದಿದ್ದರು. ತಾವೂ ಪ್ರಶ್ನಾವಳಿಯನ್ನು ಅಷ್ಟು ಸರಿಯಾಗಿ ತುಂಬಬಾರದಿತ್ತು ಎಂದು ಅವರ ಮುಖ ಹೇಳುತ್ತಿತ್ತು.

ನಲವತ್ತೆಂಟನೆಯ ವಯಸ್ಸಿನಲ್ಲಿ ಅರಣ್ಯ ಪಾಲಕ ಬಸಂತರಾಯ ಮೊದಲ ಬಾರಿಗೆ ಅರಣ್ಯ ನೋಡಿದ. ಮೊದಲ ಎರಡು ದಿನ ಶಿಬಿರದ ಅಂಗಳ ದಾಟಲಿಲ್ಲ. ತಲೆ ಎತ್ತಿದರೆ ಆಕಾಶ ಕಾಣುತ್ತಿರಲಿಲ್ಲ, ಕಂಡರೆ ಅಲ್ಲಿಂದ ಮಳೆ ಬೀಳುತ್ತಿತ್ತು, ಯಾವುದೋ ಹಕ್ಕಿ ಹೆಸರು ಹೇಳದೆ ಕೂಗುತ್ತಿತ್ತು. ಆಮೇಲೆ ರೂಢಿಯಾಯಿತು. ಹತ್ತನೆಯ ದಿನ ಪರೀಕ್ಷೆ ಕೊಟ್ಟರು. ಇಪ್ಪತ್ತೈದರಿಂದ ನೂರಾ ಹದಿನೆಂಟಕ್ಕೆ ಅವನ ಮನೋಭಾವ ಸುಧಾರಿಸಿದೆ, ತರಬೇತಿ ಪೂರ್ಣ ಯಶಸ್ವಿ ಎಂದು ಬರೆದು ಪ್ರಮಾಣಪತ್ರ ಕೈಗಿಟ್ಟರು. ತರಬೇತುದಾರರಿಗೆ ಸಂತೋಷವಾದದ್ದನ್ನು ಕಂಡು ಬಸಂತರಾಯ ನಿಜ ಹೇಳಲಿಲ್ಲ.

ಊರಿಗೆ ಹೊರಟ ಸಂಜೆ ಅಲ್ಲಿಯ ಗಾರ್ಡ್ ಮುಕ್ತಾರ ಅವನನ್ನು ಬಸ್ಸಿನ ದಾರಿಯವರೆಗೆ ಕಳಿಸಲು ಬಂದ. ಹಳಿಯಾಳ ಕಡೆಯ ಹುಡುಗ, ಹತ್ತು ದಿನದಲ್ಲಿ ಸಲುಗೆ ಬೆಳೆದಿತ್ತು. ತೇಗದ ಮರಗಳ ನಡುವಿನ ದಾರಿ, ಇಬ್ಬರೂ ನಿಧಾನ ನಡೆದರು.

"ನಿಮ್ಮ ಬೀಟಿನ್ಯಾಗ ಎಷ್ಟು ಗಿಡ ಇರ್ತಾವ್ರಿ?" ಎಂದು ಮುಕ್ತಾರ ಮಾತಿಗೆ ಕೇಳಿದ.

"ನಾಕನೂರಾ ಹನ್ನೊಂದು."

ಮುಕ್ತಾರ ನಕ್ಕ. "ಅಂದಾಜ?"

"ಅಂದಾಜ ಅಲ್ಲೋ. ಇಲ್ಲಿಗೆ ಬರೂ ಹಿಂದಿನ ದಿವಸ ನೋಡಿ ಬಂದೇನಿ. ನಾಕನೂರಾ ಹನ್ನೆರಡ ಇದ್ದುವು. ಸಾಲೋಟಗಿ ಹಾದ್ಯಾಗಿನ ಬೇವಿಗೆ ಸಿಡ್ಲ ಬಡೀತು."

ಮುಕ್ತಾರನ ನಗು ನಿಂತಿತು. "ಎಲ್ಲಾ ಎಣಸೀರಿ?"

"ಎಣಸಾಕ ಬರೂವಷ್ಟ ಅದಾವು. ಅದಕ್ಕ ಎಣಸ್ತೇನಿ."

ಮುಕ್ತಾರ ತನ್ನ ಎರಡೂ ಬದಿಗೆ ನೋಡಿದ. ಮರಗಳ ಹಿಂದೆ ಮರಗಳು, ಅವುಗಳ ಹಿಂದೆ ಕತ್ತಲಾಗುವ ತನಕ ಮರಗಳು. ಆರು ವರ್ಷದಿಂದ ಅವನು ಅಲ್ಲೇ ಇದ್ದ.

"ನಮ್ಮ ಕಡೆ ಒಂದು ಹ್ವಾದ್ರ ಯಾರಿಗೂ ಗೊತ್ತಾಗೂದಿಲ್ಲ ನೋಡ್ರಿ," ಎಂದ.

"ನಮ್ಮ ಕಡೆ ಮರುದಿನಾನ ಗೊತ್ತಾಗ್ತೈತಿ," ಎಂದ ಬಸಂತರಾಯ. "ಬಸ್ಸಿಗೆ ಕಾಯೂ ಮುದುಕ್ಯಾರು ಮನೀಗೆ ಬಂದು ಬೈತಾರ."